ರಯ್ಯೀಸಾಳ ಒಂದು ಗಂಟೆ

ಅಲೆಕ್ಸಾಂಡ್ರಿಯಾದ ಅನ್‌ಫೂಶಿ ಬೀದಿಗಳಲ್ಲಿ ಡಾಕ್ಟರ್ ಇನ್ಸಾಫ್ ಕಂದೀಲಳ ಹೆಸರಿಗಿಂತ ಅವಳ ಕೈಗುಣದ ಹೆಸರು ದೊಡ್ಡದು. ಬೆಕ್ಕು ಊಟ ಬಿಟ್ಟರೂ, ಹಬ್ಬಕ್ಕೆ ತಂದ ಟಗರು ಕುಂಟಿದರೂ, ಪಾರಿವಾಳ ರೆಕ್ಕೆ ಇಳಿಬಿಟ್ಟರೂ, ಮೀನಿನ ಗಾಡಿಯ ಕತ್ತೆ ನಡುದಾರಿಯಲ್ಲಿ ಮುನಿಸಿಕೊಂಡು ನಿಂತರೂ ಜನ ಟ್ರಾಮ್ ಹಳಿ ದಾಟಿ ಅವಳ ಕ್ಲಿನಿಕ್ಕಿನ ನೀಲಿ ಬಾಗಿಲಿಗೆ ಬರುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಅವಳು ಕೊಡುತ್ತ ಬಂದದ್ದು ಒಂದೇ ಸೂಜಿ. ಮೂರು ಸೀಸೆಯ ಮದ್ದು ಒಂದೇ ಸಿರಿಂಜಿಗೆ: ಸೋಂಕು ಕೊಲ್ಲುವುದೊಂದು, ಬಲ ಕೊಡುವ ವಿಟಮಿನ್ನೊಂದು, ಮೈಯಲ್ಲಿ ವಾರಗಟ್ಟಲೆ ಉಳಿಯುವ ಕಾರ್ಟಿಸೋನ್ ಒಂದು. ಬೀದಿಯವರು ಅದಕ್ಕೆ ಬೆರಕೆ ಅಂತ ಹೆಸರಿಟ್ಟಿದ್ದರು. ಬೆರಕೆ ಹೋದ ಒಂದೆರಡು ಗಂಟೆಯಲ್ಲಿ ಬಿದ್ದ ಪ್ರಾಣಿ ಎದ್ದು ನಿಲ್ಲುತ್ತಿತ್ತು. ಎದ್ದು ನಿಂತ ಮೇಲೆ ಕೇಳುವುದೇನಿದೆ?

ಕೇಳಿದ್ದು ಒಬ್ಬ ಹುಡುಗಿ. ಹದಿನಾರೋ ಹದಿನೇಳೋ ವಯಸ್ಸು. ಬಿಳಿ ಬೆಕ್ಕನ್ನು ಎದೆಗೊತ್ತಿಕೊಂಡು ಬಂದು, ಮಾರನೇ ದಿನ ಅದೇ ಬೆಕ್ಕನ್ನು ಹೆಗಲ ಮೇಲೆ ಕೂರಿಸಿಕೊಂಡು ಮತ್ತೆ ಬಂದಳು.

"ವಾಸಿ ಆಯ್ತಲ್ಲ," ಅಂದಳು ಇನ್ಸಾಫ್.

"ಆಯ್ತು ಡಾಕ್ಟ್ರಮ್ಮ. ಆದ್ರೆ ಇದಕ್ಕೆ ಆಗಿದ್ದೇನು?"

"ವಾಸಿ ಆಯ್ತಲ್ಲ ಮಗಳೇ."

"ಹೂಂ, ಆಗಿದೆ. ಆಗಿದ್ದೇನು ಅಂತ ಕೇಳಿದೆ ಅಷ್ಟೆ."

ಹುಡುಗಿ ಹೋದಳು, ಬೆಕ್ಕೂ ಹೋಯಿತು, ಪ್ರಶ್ನೆ ಮಾತ್ರ ಮೀನಿನ ಮುಳ್ಳಿನ ಹಾಗೆ ಇನ್ಸಾಫಳ ಗಂಟಲಲ್ಲೇ ನಿಂತುಕೊಂಡಿತು. ಆ ಮುಳ್ಳೇ ಐವತ್ತೆರಡನೆಯ ವಯಸ್ಸಿನಲ್ಲಿ ಅವಳನ್ನು ಮತ್ತೆ ವಿದ್ಯಾರ್ಥಿಯ ಬೆಂಚಿಗೆ ತಂದು ಕೂರಿಸಿದ್ದು.

ಸ್ಮೂಹಾ ಬಡಾವಣೆಯ ಒಂದು ಪ್ರಾಣಿ ಆಸ್ಪತ್ರೆಯ ಮಹಡಿಯ ಮೇಲೆ ಹದಿನೈದು ದಿನಕ್ಕೊಮ್ಮೆ, ಶುಕ್ರವಾರ ಮತ್ತು ಶನಿವಾರ, ಪಾಠ ನಡೆಯುತ್ತಿತ್ತು. ನಾಯಿ ಬೆಕ್ಕುಗಳ ವೈದ್ಯಕೀಯ, ಎರಡು ವರ್ಷದ ಕೋರ್ಸು. ಸೇರಿದ ಹನ್ನೊಂದು ಜನವೂ ಆಗಲೇ ಬೋರ್ಡು ಹಾಕಿಕೊಂಡು ಕೂತ ವೈದ್ಯರು. ಪಾಠ ಹೇಳುವ ಲಮೀಸ್ ಕೈರೋದಿಂದ ರೈಲಿನಲ್ಲಿ ಬರುತ್ತಿದ್ದಳು. ಮೂವತ್ತೊಂದು ವರ್ಷ, ತೆಳ್ಳಗಿನ ದನಿ, ಚೀಲದ ತುಂಬ ಎಳ್ಳು ಹಚ್ಚಿದ ಬಳೆರೊಟ್ಟಿ. ಮೊದಲ ದಿನವೇ ಬೋರ್ಡಿನ ಮೇಲೆ ಮೂರು ಕಂಬ ಎಳೆದಳು. ಕಂಡದ್ದು. ಇರಬಹುದಾದದ್ದು. ಕೊಟ್ಟದ್ದು.

"ಮೂರನೇ ಕಂಬಕ್ಕೆ ಬೀಗ ಹಾಕಿದೆ," ಅಂದಳು. "ಮೊದಲೆರಡು ತುಂಬಿದ್ರೆ ಮಾತ್ರ ಬೀಗ ತೆಗೆಯೋದು."

ದಮನ್ಹೂರಿನಿಂದ ಬರುತ್ತಿದ್ದ ಡಾಕ್ಟರ್ ಜಗ್ಲೂಲ್ ಮೂವತ್ತು ವರ್ಷ ಎಮ್ಮೆ ನೋಡಿದವರು. ಹೊಟ್ಟೆಯೂ ಹೆಚ್ಚುಕಮ್ಮಿ ಎಮ್ಮೆಯದೇ. "ತಾಯಿ, ನಮ್ಮೂರಿನ ಎಮ್ಮೆ ಮೂರನೇ ಕಂಬದ ತನಕ ಕಾಯಲ್ಲ," ಅಂದರು.

"ಎಮ್ಮೆ ಕಾಯುತ್ತೆ ಡಾಕ್ಟ್ರೇ. ಕಾಯದೇ ಇರೋದು ಎಮ್ಮೆ ಯಜಮಾನ."

ಎಲ್ಲರೂ ನಕ್ಕರು. ಇನ್ಸಾಫಳೂ ನಕ್ಕಳು, ಆದರೆ ಅವಳ ಕೈ ಮೇಜಿನ ಕೆಳಗೆ ಸುಮ್ಮನೆ ಬೆರಳು ಹಿಸುಕಿಕೊಂಡಿತು.

ನಾಲ್ಕನೇ ತಿಂಗಳಲ್ಲಿ ಪ್ರತಿಯೊಬ್ಬರೂ ತಮ್ಮದೊಂದು ಕೇಸು ತರಬೇಕಾಯಿತು. ಇನ್ಸಾಫ್ ರಯ್ಯೀಸಾಳನ್ನು ಆರಿಸಿಕೊಂಡಳು. ರಯ್ಯೀಸಾ ಅಂದರೆ ದೋಣಿಯ ಯಜಮಾನಿ. ಹೆಸರಷ್ಟೇ ಗಂಭೀರ, ಆಳು ಬೀದಿತಳಿಯ ಮರಳುಬಣ್ಣದ ನಾಯಿ, ಒಂದು ಕಿವಿ ನೆಟ್ಟಗೆ, ಇನ್ನೊಂದಕ್ಕೆ ಯಾವಾಗಲೂ ಸೋಮಾರಿತನ. ದೋಣಿ ಕಟ್ಟುವ ಬಡಗಿ ಉಸ್ತಾ ಬರಕಾತನ ಅಂಗಳದಲ್ಲಿ, ಅರ್ಧ ಕಟ್ಟಿದ ದೋಣಿಗಳ ಪಕ್ಕೆಲುಬುಗಳ ನಡುವೆ, ಅವಳ ವಾಸ. ಬರಕಾತ್ ಅವಳನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನಮಾಜಿನ ಅಂಗಿಗೆ ಅವಳ ಮೂಗು ತಾಗಿದರೆ ಬೈದುಕೊಂಡೇ ಹೋಗಿ ಅಂಗಿ ಬದಲಿಸುತ್ತಿದ್ದ. ಆದರೆ ಮಧ್ಯಾಹ್ನದ ಬುತ್ತಿಯಲ್ಲಿ ಮೀನಿನ ನಡುಭಾಗ ಅವಳಿಗೆ, ತಲೆ ಬಾಲ ತನಗೆ.

ಇನ್ಸಾಫ್ ತನ್ನ ಕೇಸನ್ನು ನಿಂತುಕೊಂಡು ಓದಿದಳು. "ಹೆಣ್ಣುನಾಯಿ, ಐದು ವರ್ಷ. ವಾಂತಿ, ನಿಶ್ಶಕ್ತಿ, ಹಿಂಗಾಲು ನಡುಕ. ಬೆರಕೆ ಕೊಟ್ಟೆ. ಎದ್ದಳು. ಎರಡು ತಿಂಗಳ ಮೇಲೆ ಮತ್ತೆ ಅದೇ. ಬೆರಕೆ ಕೊಟ್ಟೆ. ಎದ್ದಳು. ಹದಿನಾಲ್ಕು ತಿಂಗಳಲ್ಲಿ ಏಳು ಸಲ."

ಲಮೀಸ್ ಪೆನ್ನಿಗೆ ಮುಚ್ಚಳ ಹಾಕಿದಳು. "ಅಕ್ಕ, ನಿಮ್ಮ ಕೇಸು ಬಹಳ ಚೆನ್ನಾಗಿದೆ. ಔಷಧಿ ಇದೆ, ಗುಣ ಇದೆ. ಕಾಯಿಲೆ ಎಲ್ಲೂ ಕಾಣ್ತಿಲ್ಲ."

ಜಗ್ಲೂಲ್ ನಗುವುದಕ್ಕೆ ಬಾಯಿ ತೆರೆದವರು ಇನ್ಸಾಫಳ ಮುಖ ನೋಡಿ ಆ ಬಾಯಿಗೆ ರೊಟ್ಟಿ ತುರುಕಿಕೊಂಡರು.

"ಏಳು ಸಲನೂ ಯಾವ್ಯಾವತ್ತು ಬಂದಳು, ಬರೆದಿಟ್ಟಿದೀರಾ?" ಲಮೀಸ್ ಕೇಳಿದಳು.

"ದಿನಾಂಕ ಇದೆ."

"ದಿನಾಂಕಗಳನ್ನ ಮನೆಗೆ ತಗೊಂಡು ಹೋಗಿ. ಆ ದಿನಗಳಲ್ಲಿ ಅವಳಿಗೆ ಏನು ನಡೀತು ಅಂತ ಯೋಚನೆ ಮಾಡಿ. ನಾನು ಕೈರೋದವಳು, ನನಗೆ ನಿಮ್ಮ ಬೀದಿ ಗೊತ್ತಿಲ್ಲ."

ಮಾರನೇ ಬೆಳಿಗ್ಗೆ ಇನ್ಸಾಫ್ ತನ್ನ ಹಳೇ ನೋಟುಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕ್ಲಿನಿಕ್ಕಿನ ಹೊಸಿಲಲ್ಲಿ ಕೂತಳು. ಸಮುದ್ರದ ಕಡೆಯಿಂದ ಉಪ್ಪುಗಾಳಿ, ಬಾಚಿಯ ಸದ್ದು. ಮೊದಲನೇ ದಿನಾಂಕ ನೋಡಿದಳು. ಆವತ್ತು ರಶೀದ್ ಊರಿನವರ ಕೆಂಪು ದೋಣಿಯನ್ನು ನೀರಿಗಿಳಿಸಿದ್ದರು. ಎರಡನೆಯದು, ಇಬ್ಬರು ಅಣ್ಣತಮ್ಮಂದಿರು ಜಗಳ ಆಡಿಕೊಂಡೇ ಕಟ್ಟಿಸಿದ ದೋಣಿ. ಮೂರನೆಯದಕ್ಕೆ ತಮಟೆಯವರು ಎರಡು ತಂಡ ಬಂದು ಯಾರು ಬಾರಿಸಬೇಕೆಂದು ಹೊಡೆದಾಡಿದ್ದು ಇಡೀ ಬೀದಿಗೆ ನೆನಪಿತ್ತು. ಬೆರಳು ಕೆಳಗಿಳಿಯುತ್ತ ಹೋಯಿತು. ಏಳಕ್ಕೆ ಏಳೂ ದೋಣಿ ಇಳಿಸಿದ ದಿನಗಳು, ಇಲ್ಲವೇ ಅದರ ಮಾರನೇ ದಿನ. ತಮಟೆ, ಓಲಗ, ಪಟಾಕಿ, ನಾಲಿಗೆ ಆಡಿಸಿ ಕೂಗುವ ಹೆಂಗಸರ ಉಲಿ, ಕುರಿ ಕಡಿದ ರಕ್ತದಲ್ಲಿ ದೋಣಿಯ ಮೂತಿಗೆ ಅಂಗೈ ಒತ್ತುವ ನೂಕುನುಗ್ಗಲು. ಬೀದಿಯವರು ನಾಯಿಗೆ ದೃಷ್ಟಿಯಾಗಿದೆ ಅನ್ನುತ್ತಿದ್ದರು. ಇನ್ಸಾಫ್ ನೋಟುಬುಕ್ಕು ಮುಚ್ಚಿದಳು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳೊಬ್ಬಳಿಗೇ ಸಿಗುವಂತೆ ಹದಿನಾಲ್ಕು ತಿಂಗಳಿಂದ ಅವಳದೇ ಕೈಬರಹದಲ್ಲಿ ಕಾದು ಕೂತಿತ್ತು.

ಮುಂದಿನ ಪಾಠದ ಶುಕ್ರವಾರ ಅದನ್ನು ಹೇಳಿದಾಗ ಲಮೀಸ್ ಕುರ್ಚಿ ಎಳೆದುಕೊಂಡು ಅವಳ ಎದುರೇ ಕೂತಳು. ಮೂತ್ರಪಿಂಡದ ನೆತ್ತಿಯ ಮೇಲೆ ಹುರುಳಿಕಾಳಿನಷ್ಟು ಗಾತ್ರದ ಒಂದು ಗ್ರಂಥಿ. ಹೆದರಿಕೆ, ಗದ್ದಲ, ದಣಿವು ಬಂದಾಗ ಮೈಯನ್ನು ಹಿಡಿದು ನಿಲ್ಲಿಸುವುದು ಅದರ ರಸ. ರಕ್ತದಲ್ಲಿ ಉಪ್ಪಿನ ಹದ ಕಾಯುವುದೂ ಅದೇ. ಅದು ಸತ್ತರೆ ನಾಯಿ ಸುಮ್ಮನಿದ್ದ ದಿನ ಹೇಗೋ ನಡೆದುಕೊಂಡು ಹೋಗುತ್ತದೆ, ಗದ್ದಲದ ದಿನ ಕುಸಿಯುತ್ತದೆ.

"ಅಡಿಸನ್ ಕಾಯಿಲೆ," ಅಂದಳು ಲಮೀಸ್. "ಆ ಗ್ರಂಥಿ ಮಾಡೋ ಕೆಲಸದಲ್ಲಿ ಅರ್ಧ ನಿಮ್ಮ ಬೆರಕೆಯ ಕಾರ್ಟಿಸೋನ್ ಮಾಡಿಬಿಡುತ್ತೆ. ಅದಕ್ಕೇ ಏಳ್ತಾಳೆ. ಏಳೋದರಿಂದಲೇ ಕಾಯಿಲೆ ಕಾಣಲ್ಲ."

"ಹಾಗಾದ್ರೆ ನಾನು ಕೊಟ್ಟಿದ್ದು ಸರಿನೇ?"

ಲಮೀಸ್ ಒಳ್ಳೆಯ ಹುಡುಗಿ, ಸುಳ್ಳು ಹೇಳಲಿಕ್ಕೆ ಬರುತ್ತಿರಲಿಲ್ಲ. "ಇನ್ನೊಂದು ದಾರಿನೂ ಇದೆ ಅಕ್ಕ. ಮೊದಲನೇ ಸಲ ಅವಳು ಏನೋ ಹಳಸಿದ್ದು ತಿಂದು ವಾಂತಿ ಮಾಡಿರಬಹುದು. ಆಮೇಲೆ ಮೇಲಿಂದ ಮೇಲೆ ಕಾರ್ಟಿಸೋನ್ ಹೊರಗಿಂದ ಬರ್ತಾ ಇದ್ರೆ, ನನಗೇನು ಕೆಲಸ ಅಂತ ಆ ಗ್ರಂಥಿ ಮಲಗಿಬಿಡುತ್ತೆ. ಆಗಲೂ ಹೀಗೇ ಕುಸಿಯೋದು."

"ಅಂದ್ರೆ ನಾನು ಮಾಡಿದ್ದು."

"ಅಂದ್ರೆ ಗೊತ್ತಿಲ್ಲ ಅಂತ. ರಕ್ತ ಹೇಳುತ್ತೆ. ಸೂಜಿ ಗ್ರಂಥಿಯನ್ನ ಮಲಗಿಸಬಹುದು, ಆದ್ರೆ ಉಪ್ಪಿನ ಹದ ಕೆಡಿಸೋಕೆ ಅದರ ಕೈಲಾಗಲ್ಲ. ಉಪ್ಪು ಕೆಟ್ಟಿದ್ರೆ ಗ್ರಂಥಿ ತಾನಾಗೇ ಸತ್ತಿರೋದು. ಉಪ್ಪು ಸರಿ ಇದ್ದು ಗ್ರಂಥಿ ಮಾತ್ರ ಮಾತಾಡದೇ ಇದ್ರೆ ಸೂಜಿನೇ ಮಲಗಿಸಿರೋದು."

ಪರೀಕ್ಷೆಗೆ ಒಂದು ಆಂಪ್ಯೂಲು ಬೇಕಿತ್ತು. ಗ್ರಂಥಿಯನ್ನು ಎಬ್ಬಿಸಿ ಕೆಲಸ ಮಾಡು ಅಂತ ಹೇಳುವ ಮದ್ದು ಅದು. ಸೂಜಿಗೆ ಮೊದಲೊಂದು ಸಲ, ಒಂದು ಗಂಟೆ ಕಳೆದು ಇನ್ನೊಂದು ಸಲ ರಕ್ತ ತೆಗೆಯಬೇಕು. ಹಿಂದಿನ ಬೆರಕೆ ಮೈಯಿಂದ ಪೂರ್ತಿ ಇಳಿಯಲಿಕ್ಕೆ ಆರು ವಾರ ಕಾಯಬೇಕು. ಅಲ್ಲಿಯ ತನಕ ಬೆರಕೆ ಕೂಡದು.

ಉಸ್ತಾ ಬರಕಾತನಿಗೆ ಇದನ್ನು ಹೇಳುವುದು ರಕ್ತ ತೆಗೆಯುವುದಕ್ಕಿಂತ ಕಷ್ಟವಾಯಿತು. ಅವನು ಒಂದು ಹಲಗೆಯ ಅಂಚನ್ನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ರಯ್ಯೀಸಾ ಮರದ ಹೊಟ್ಟಿನ ಮೇಲೆ ಮಲಗಿ ಕನಸಿನಲ್ಲಿ ಕಾಲಾಡಿಸುತ್ತಿದ್ದಳು, ಯಾವ ಸಮುದ್ರ ಈಜುತ್ತಿದ್ದಳೋ.

"ಆರು ವಾರ ಸೂಜಿ ಇಲ್ವಾ?" ಅಂದ ಬರಕಾತ್. "ಐದನೇ ವಾರಕ್ಕೆ ನನ್ನ ದೊಡ್ಡ ದೋಣಿ ಇಳೀತದೆ ಡಾಕ್ಟ್ರಮ್ಮ. ಒಂದೂವರೆ ವರ್ಷದ ಕೆಲಸ."

"ಆವತ್ತು ಇವಳನ್ನ ದೂರ ಕಳಿಸಿ. ತಮಟೆ ಕೇಳಿಸದ ಕಡೆ."

"ನನ್ನ ತಂಗಿ ಮನೆಗೆ ಕಳಿಸ್ತೀನಿ, ಮೆಕ್ಸ್ ಕಡೆ. ತಂಗಿಗೆ ನಾಯಿ ಆಗಲ್ಲ, ನಾನೂ ಅಷ್ಟಾಗಿ ಆಗಲ್ಲ. ಒಂದಿನ ಸಹಿಸ್ಕೋತಾಳೆ." ಆಮೇಲೆ ಹಲಗೆ ಕೆಳಗಿಟ್ಟು ಕೇಳಿದ. "ಏನು ಹುಡುಕ್ತಿದೀರಿ ನೀವು? ಎದ್ದು ಓಡಾಡ್ತಾಳಲ್ಲ."

"ಬಿದ್ದದ್ದು ಯಾಕೆ ಅಂತ ಹುಡುಕ್ತಿದೀನಿ ಉಸ್ತಾ."

ಬಿದ್ದದ್ದು ತನ್ನಿಂದಲೇ ಇರಬಹುದು ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು. ಆ ಐದು ವಾರ ಇನ್ಸಾಫ್ ಬೆಳಿಗ್ಗೆ ಟೀ ಹಿಡಿದುಕೊಂಡು ಅಂಗಳದ ಕಡೆ ಹೋಗಿಬರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಅಂಗೈಯನ್ನು ನಾಯಿಯ ಎದೆಗೂಡಿನ ಮೇಲಿಟ್ಟು ಎಣಿಸಿ, ಬಂದ ದಾರಿಯಲ್ಲೇ ವಾಪಸು. ಇಷ್ಟು ವರ್ಷದಲ್ಲಿ ಅವಳು ಎದೆಬಡಿತ ಎಣಿಸಿದ್ದೇ ಇಲ್ಲ ಅನ್ನುವುದು ಎಣಿಸಲು ಕೂತಾಗ ನೆನಪಾಯಿತು. ಎಣಿಸುವ ಮೊದಲೇ ಸೂಜಿ ಹೋಗಿರುತ್ತಿತ್ತು.

ಮೂರನೇ ವಾರದ ಶುಕ್ರವಾರ ಲಮೀಸ್ ಆಂಪ್ಯೂಲು ತಂದುಕೊಟ್ಟಳು. ಅದು ಕ್ಲಿನಿಕ್ಕಿನ ಪುಟ್ಟ ಫ್ರಿಜ್ಜಿನಲ್ಲಿ ಚೀಸ್ ಡಬ್ಬಿಯ ಪಕ್ಕ ಕೂತಿತು. ಐದನೇ ವಾರದ ಸೋಮವಾರ ಮಧ್ಯಾಹ್ನದ ನಮಾಜಿನ ನಂತರ ತಮಟೆ ಶುರುವಾಯಿತು. ಇನ್ಸಾಫ್ ಬಾಗಿಲು ಹಾಕಿಕೊಂಡು ಕೂತಳು, ದೋಣಿ ನೋಡಲು ಹೋಗಲಿಲ್ಲ. ಜೈಕಾರ ಕೇಳಿಸಿತು, ಮರದ ಹಳಿಗಳು ಕಿರುಗುಟ್ಟಿದ್ದು ಕೇಳಿಸಿತು, ದೊಡ್ಡದೊಂದು ನೀರಿನ ಸದ್ದು, ಉಲಿ. ಸದ್ಯ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಬಾಗಿಲು ಬಡಿದರು.

ಮೀನಿನ ಕೈಗಾಡಿಯ ಮೇಲೆ ರಯ್ಯೀಸಾ. ಕುತ್ತಿಗೆಯಲ್ಲಿ ಕಡಿದ ಹಗ್ಗ ನೇತಾಡುತ್ತಿತ್ತು. ಮೆಕ್ಸಿನಿಂದ ಅಷ್ಟು ದೂರ, ಟ್ರಾಮು ಲಾರಿಗಳ ನಡುವೆ, ತನ್ನ ಮನುಷ್ಯನನ್ನು ಹುಡುಕಿಕೊಂಡು ಓಡಿ ಬಂದು, ತಮಟೆಯ ನಡುವೆ ಅವನ ಕಾಲ ಬಳಿಯೇ ಬಿದ್ದಿದ್ದಳು. ಬರಕಾತನ ಹೊಸ ಬಿಳಿ ಅಂಗಿಯ ಮೇಲೆ ಮರಳು, ವಾಂತಿ, ಒಂದು ಕಡೆ ಕುರಿಯ ರಕ್ತ. ಹಿಂದೆ ದೋಣಿ ನೋಡಲು ಬಂದ ಅರ್ಧ ಬೀದಿ.

"ಕೊಡಿ ಡಾಕ್ಟ್ರಮ್ಮ," ಅಂದ ಬರಕಾತ್. "ಆರು ವಾರ ಗೀರು ವಾರ ಆಮೇಲೆ ನೋಡಣ. ಕೊಡಿ."

ಇನ್ಸಾಫ್ ಕೆಳಗೆ ನೋಡಿದಳು. ಅವಳ ಬಲಗೈಯಲ್ಲಿ ಸಿರಿಂಜು ಇತ್ತು. ಮೂರೂ ಸೀಸೆಯಿಂದ ಎಳೆದು ಆಗಿತ್ತು, ಗುಳ್ಳೆ ತೆಗೆಯಲು ಬೆರಳು ಎರಡು ಸಲ ತಟ್ಟಿಯೂ ಆಗಿತ್ತು. ಯಾವಾಗ ಎಳೆದಳೋ ಅವಳಿಗೇ ತಿಳಿಯದು. ಇಪ್ಪತ್ತಾರು ವರ್ಷ ಕಲಿತ ಕೈ ಯಜಮಾನಿಯನ್ನು ಕೇಳದೇ ತನ್ನ ಕೆಲಸ ಮುಗಿಸಿಟ್ಟಿತ್ತು. ಸೂಜಿಯ ತುದಿಗೂ ನಾಯಿಯ ತೊಡೆಗೂ ನಡುವೆ ಒಂದು ಗೇಣು.

ಆ ಗೇಣಿನಲ್ಲಿ ಅವಳು ನಿಂತಳು. ಸಿರಿಂಜನ್ನು ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಕಿಟಕಿಯ ಗೂಡಿಗೆ ದೂಡಿ, ಎರಡು ಬೆರಳು ನಾಯಿಯ ತೊಡೆಯ ಒಳಬದಿಗೆ ಒತ್ತಿ ಗಡಿಯಾರ ನೋಡಿದಳು. ಹೆದರಿ ಓಡಿ ಬಂದ ನಾಯಿಯ ಎದೆ ನಿಮಿಷಕ್ಕೆ ನೂರೈವತ್ತು ಬಡಿಯಬೇಕು. ನಲವತ್ತೆಂಟು ಬಡಿಯುತ್ತಿತ್ತು.

ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು. ಲಮೀಸಳ ತೆಳ್ಳಗಿನ ದನಿ ಕೈರೋದಿಂದ ಒಂದೊಂದೇ ಹೇಳಿತು. "ಆರು ವಾರ ಆಗದಿದ್ರೂ ಪರವಾಗಿಲ್ಲ, ಉಪ್ಪು ನಿಜ ಹೇಳುತ್ತೆ. ಮೊದಲು ರಕ್ತ. ಆಮೇಲೆ ಆಂಪ್ಯೂಲು. ಉಪ್ಪುನೀರಿನ ಡ್ರಿಪ್ಪು ಧಾರಾಳವಾಗಿ ಬಿಡಿ, ಈಗ ಅದೇ ದೊಡ್ಡ ಔಷಧಿ. ಒಂದು ಗಂಟೆಗೆ ಇನ್ನೊಂದು ರಕ್ತ, ಆಮೇಲೆ ಕಾರ್ಟಿಸೋನ್. ಅಕ್ಕ, ಕೇಳಿಸ್ಕೊಳ್ಳಿ. ಬಡಿತ ನಲವತ್ತಕ್ಕಿಂತ ಕೆಳಗಿಳಿದ್ರೆ ಪರೀಕ್ಷೆ ಹಾಳಾಗಿ ಹೋಗಲಿ, ಕೊಟ್ಟುಬಿಡಿ. ಕೋರ್ಸು ಆಮೇಲೆ, ನಾಯಿ ಮೊದಲು."

ರಕ್ತ ಬಂತು, ಕಪ್ಪಗೆ, ನಿಧಾನಕ್ಕೆ. ಆಂಪ್ಯೂಲು ಹೋಯಿತು. ಉಪ್ಪುನೀರು ಇಳಿಯತೊಡಗಿತು. ಬಾಗಿಲಲ್ಲಿ ನಿಂತ, ಮೀನು ಮಾರುವ ಉಮ್ಮ್ ಶಹಾತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಆದರೆ ಎಲ್ಲರಿಗೂ ಕೇಳುವಂತೆ ಅಂದಳು. "ಸೂಜಿ ತುಂಬಿಸಿ ಗೂಡಲ್ಲಿಟ್ಟು ನೀರು ಬಿಡ್ತಾವ್ಳೆ. ಓದಕ್ಕೆ ಹೋಗಿ ಇದ್ದ ಕೈಗುಣನೂ ಕಳ್ಕೊಂಡ್ಲು ನೋಡ್ರವ್ವ."

"ಉಮ್ಮ್ ಶಹಾತಾ, ಬೈಯೋದಿದ್ರೆ ಒಳಗೆ ಬಂದು ಈ ಬಾಟ್ಲಿ ಎತ್ತಿ ಹಿಡ್ಕೊಂಡು ಬೈಯಿ," ಅಂದಳು ಇನ್ಸಾಫ್, ಗಡಿಯಾರದಿಂದ ಕಣ್ಣು ತೆಗೆಯದೆ. "ಮೊಳೆ ಕಿತ್ತು ಹೋಗಿದೆ."

ಉಮ್ಮ್ ಶಹಾತಾ ಒಂದು ಕ್ಷಣ ಆ ಕಡೆ ಈ ಕಡೆ ನೋಡಿದಳು. ಬಂದಳು. ಮೀನಿನ ವಾಸನೆಯ ದಪ್ಪ ತೋಳು ಬಾಟಲಿಯನ್ನು ದೀಪಸ್ತಂಭದ ಹಾಗೆ ಎತ್ತಿ ಹಿಡಿಯಿತು. ಬೈಗುಳ ಮುಂದುವರಿಯಿತು, ಆದರೆ ದನಿ ಇಳಿದಿತ್ತು.

ನಲವತ್ತಾರು. ನಲವತ್ತೈದು. ಹತ್ತು ನಿಮಿಷ ಆಗಿತ್ತು. ಬರಕಾತ್ ನೆಲದ ಮೇಲೆ ಕೂತು ನಾಯಿಯ ತಲೆಯನ್ನು ಅದೇ ಹೊಸ ಅಂಗಿಯ ಮಡಿಲಲ್ಲಿ ಇಟ್ಟುಕೊಂಡಿದ್ದ. "ನನ್ನ ದೋಣಿ ನೀರಲ್ಲಿ ಹೇಗೆ ನಿಂತಿದೆ ಅಂತನೂ ನೋಡಿಲ್ಲ ನಾನು," ಅಂದ ಯಾರಿಗೋ ಎಂಬಂತೆ. ಆಮೇಲೆ ತಲೆಯೆತ್ತಿ, "ಏನು ಕಾಯ್ತಿದೀರಿ ತಾಯಿ? ಅಲ್ಲಿದೆಯಲ್ಲ ಸೂಜಿ. ನನ್ನ ಕಣ್ಣಿಗೆ ಕಾಣ್ತಿದೆಯಲ್ಲ."

ಅವಳ ಕಣ್ಣಿಗೂ ಕಾಣುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಒಂದು ಹೆಜ್ಜೆ, ಒಂದು ಚುಚ್ಚು, ಆಮೇಲೆ ಎಲ್ಲರೂ ಅವಳ ಕೈ ಹೊಗಳುತ್ತ ಮನೆಗೆ ಹೋಗುತ್ತಾರೆ. ಹೋದ ಮೇಲೆ ಅವಳೊಬ್ಬಳೇ ಉಳಿಯುತ್ತಾಳೆ, ತಾನು ಈ ಪ್ರಾಣಿಯನ್ನು ಉಳಿಸುತ್ತ ಬಂದೆನೋ ಕೊಲ್ಲುತ್ತ ಬಂದೆನೋ ತಿಳಿಯದೆ. ನಾಯಿಗೂ ತಿಳಿಯುವುದಿಲ್ಲ. ಮುಂದಿನ ದೋಣಿಗೆ ಮತ್ತೆ ಬೀಳುತ್ತದೆ, ಯಾವತ್ತೋ ಒಂದು ದೋಣಿಗೆ ಏಳುವುದಿಲ್ಲ.

"ಇನ್ನೂ ಸ್ವಲ್ಪ ಹೊತ್ತು ಉಸ್ತಾ," ಅಂದಳು. "ನಲವತ್ತಕ್ಕಿಂತ ಇಳಿದ್ರೆ ಕೊಡ್ತೀನಿ. ಮಾತು ಕೊಡ್ತೀನಿ. ನೀವೂ ಎಣಿಸಿ, ಇಲ್ಲಿ ಕೈ ಇಡಿ."

ಬಡಗಿಯ ಒರಟು ಬೆರಳು ಅವಳ ಬೆರಳಿನ ಪಕ್ಕ ಕೂತಿತು. ಇಬ್ಬರೂ ಎಣಿಸಿದರು. ಬಾಗಿಲಲ್ಲಿದ್ದವರೂ ತುಟಿಯಲ್ಲೇ ಎಣಿಸತೊಡಗಿದರು, ದೋಣಿ ತಳ್ಳುವಾಗ ಎಣಿಸುವ ಹಾಗೆ. ನಲವತ್ತೆರಡು. ನಲವತ್ತೊಂದು. ಇನ್ಸಾಫ್ ಎದ್ದು ನಿಂತು ಗೂಡಿನ ಕಡೆ ಹೆಜ್ಜೆ ಇಟ್ಟಳು, ಕೈ ಚಾಚಿದಳು.

"ನಲವತ್ಮೂರು," ಅಂದ ಬರಕಾತ್.

"ಸರಿಯಾಗಿ ಎಣಿಸಿ."

"ಮೂವತ್ತು ವರ್ಷ ಮೊಳೆ ಎಣಿಸಿದೀನಿ ಡಾಕ್ಟ್ರಮ್ಮ, ನನಗೆ ಎಣಿಕೆ ಕಲಿಸಬೇಡಿ. ನಲವತ್ಮೂರು."

ಆಮೇಲೆ ನಲವತ್ತಾರು. ಎರಡನೇ ಬಾಟಲಿಗೆ ಐವತ್ತೆರಡು. ಉಮ್ಮ್ ಶಹಾತಾ ತೋಳು ಬದಲಿಸಿದಳು, ಬೇರೆಯವರಿಗೆ ಬಾಟಲಿ ಕೊಡಲು ಒಪ್ಪಲಿಲ್ಲ. ಅರವತ್ತಕ್ಕೆ ಬಂದಾಗ ರಯ್ಯೀಸಾ ಒಂದು ಕಣ್ಣು ತೆರೆದು, ಬರಕಾತನ ಅಂಗಿಯ ಮೇಲಿದ್ದ ಕುರಿಯ ರಕ್ತವನ್ನು ನಿಧಾನವಾಗಿ ನೆಕ್ಕಿದಳು. ಗಂಟೆಯ ಮುಳ್ಳು ಬಂದ ಕೂಡಲೇ ಇನ್ಸಾಫ್ ಎರಡನೇ ಸಲ ರಕ್ತ ತೆಗೆದು, ಕಾರ್ಟಿಸೋನ್ ಒಂದನ್ನೇ, ಬೇರೆ ಸಿರಿಂಜಿನಲ್ಲಿ, ಅಳತೆ ಮಾಡಿ ಕೊಟ್ಟಳು. ರಕ್ತದ ಎರಡೂ ಸೀಸೆಗಳನ್ನು ಸಂಜೆಯ ರೈಲಿನಲ್ಲಿ ಲಮೀಸಳಿಗೆ ಕಳಿಸಿದಳು.

ಮೂರನೇ ದಿನ ಬೆಳಿಗ್ಗೆ ಲಮೀಸಳ ಫೋನು ಬಂತು. ಪೀಠಿಕೆ ಹಾಕಲಿಲ್ಲ. "ಸೋಡಿಯಂ ಪಾತಾಳದಲ್ಲಿ, ಪೊಟ್ಯಾಸಿಯಂ ಆಕಾಶದಲ್ಲಿ. ಗ್ರಂಥಿ ಎರಡು ಸಲನೂ ಒಂದು ಮಾತಾಡಿಲ್ಲ. ಉಪ್ಪು ಕೆಟ್ಟಿದೆ ಅಕ್ಕ. ನೀವು ಮಾಡಿದ್ದಲ್ಲ."

ಇನ್ಸಾಫ್ ಗೋಡೆಗೆ ಒರಗಿದಳು.

"ಕೇಳ್ತಿದೆಯಾ? ನಿಮ್ಮ ಬೆರಕೆ ಇಲ್ದೇ ಇದ್ದಿದ್ರೆ ಅವಳು ಹೋದ ವರ್ಷನೇ ಹೋಗಿರೋಳು."

"ಬೆರಕೆಗೆ ಮೊದಲು ಒಂದು ಹನಿ ರಕ್ತ ತೆಗೆದಿದ್ರೆ?"

"ಹೋದ ವರ್ಷನೇ ಗೊತ್ತಾಗಿರೋದು," ಅಂದಳು ಲಮೀಸ್ ಮೆಲ್ಲಗೆ.

ಶುಕ್ರವಾರ ಮಹಡಿಯ ಮೇಲೆ ಕೇಸು ಬರೆಯಲು ಕೂತಾಗ ಜಗ್ಲೂಲ್ ಅವಳ ಹಾಳೆಯ ಕಡೆ ಬಗ್ಗಿ ನೋಡಿದರು. ಬಾಯಲ್ಲಿ ರೊಟ್ಟಿ. "ಹಿಂದೆ ಬೇರೆ ವೈದ್ಯರ ಹತ್ರ ಕಾರ್ಟಿಸೋನ್ ಆಗಿತ್ತು ಅಂತ ಬರೀರಿ ಇನ್ಸಾಫ್. ನಾವೆಲ್ಲ ಹಾಗೇ ಬರೆಯೋದು. ಪಾಪ ಆ ಬೇರೆ ವೈದ್ಯ, ಇಡೀ ಈಜಿಪ್ಟಿನ ತಪ್ಪು ಹೊತ್ಕೊಂಡು ಎಲ್ಲಿ ತಿರುಗ್ತಿದಾನೋ."

"ಅವನ ವಿಳಾಸ ನನಗೆ ಗೊತ್ತು," ಅಂದಳು ಇನ್ಸಾಫ್. ಬರೆದಳು. ಏಳು ದಿನಾಂಕ, ಏಳು ಬೆರಕೆ, ಪ್ರತಿಯೊಂದರ ಎದುರೂ ಕೊಟ್ಟವರು: ನಾನು. ಜಗ್ಲೂಲ್ ಅದನ್ನು ಓದಿ ರೊಟ್ಟಿ ಜಗಿಯುವುದು ನಿಲ್ಲಿಸಿದರು. ಬಹಳ ಹೊತ್ತಿನ ಮೇಲೆ ತಮ್ಮ ಹಾಳೆಯಲ್ಲಿದ್ದ ಒಂದು ಸಾಲನ್ನು ಸದ್ದಿಲ್ಲದೆ ಹೊಡೆದುಹಾಕಿದರು.

ಲಮೀಸಳ ಎದುರು ಬರೆಯುವುದು ಸುಲಭ. ಬರಕಾತನ ಎದುರು ಹೇಳುವುದು ಬಾಕಿಯಿತ್ತು. ಶನಿವಾರ ಪಾಠ ಮುಗಿಸಿ, ಟ್ರಾಮಿಳಿದು, ನೇರ ಅಂಗಳಕ್ಕೆ ಹೋದಳು. ದೊಡ್ಡ ದೋಣಿ ಹೋದ ಜಾಗ ಹಲ್ಲು ಬಿದ್ದ ಬಾಯಿಯಂತೆ ಖಾಲಿ ಇತ್ತು. ಬರಕಾತ್ ಹೊಸದೊಂದರ ಅಡಿಮರಕ್ಕೆ ಬಾಚಿ ಹಾಕುತ್ತಿದ್ದ. ರಯ್ಯೀಸಾ ಎದ್ದು ಬಂದು ಇನ್ಸಾಫಳ ಚೀಲ ಮೂಸಿದಳು.

"ಕಾಯಿಲೆ ಸಿಕ್ತು ಉಸ್ತಾ. ದಿನಾ ಎರಡು ಥರದ ಮಾತ್ರೆ. ಜೀವ ಇರೋವರೆಗೂ."

"ಯಾರ ಜೀವ?"

"ಅವಳದು."

"ಸದ್ಯ. ನನ್ನದು ಅಂದ್ರೆ ಮಾತ್ರೆ ಉಳಿದುಹೋಗೋದು." ಮಾತ್ರೆ ಡಬ್ಬಿ ತಗೊಂಡು ತಿರುಗಿಸಿ ನೋಡಿದ. "ಅಂದ್ರೆ ಇನ್ಮುಂದೆ ಸೂಜಿ ಬೇಡ?"

"ಬೇಡ. ಕೂತ್ಕೊಳ್ಳಿ, ಒಂದು ಮಾತು ಹೇಳ್ಬೇಕು." ಅವನು ಕೂರಲಿಲ್ಲ, ಅವಳೂ ನಿಂತೇ ಹೇಳಿದಳು. "ಆ ಸೂಜಿ ಅವಳನ್ನ ಎಬ್ಬಿಸ್ತಿತ್ತು, ನಿಜ. ಅದೇ ಸೂಜಿ ಕಾಯಿಲೆನ ಮುಚ್ಚಿಡ್ತಾ ಇತ್ತು. ಮೊದಲನೇ ಸಲನೇ ನಾನು ನಿಂತು ನೋಡಿದ್ರೆ ಅವಳು ಆಮೇಲೆ ಏಳು ಸಲ ಬೀಳಬೇಕಾಗಿರಲಿಲ್ಲ. ನೋಡಲಿಲ್ಲ ನಾನು. ನೀವೆಲ್ಲ ಕೈಗುಣ ಅಂದ್ರಿ, ನಾನೂ ಅದನ್ನೇ ನಂಬ್ಕೊಂಡು ಕೂತೆ."

ಬರಕಾತ್ ಬಾಚಿಯ ಅಲಗಿನ ಮೇಲೆ ಹೆಬ್ಬೆಟ್ಟು ಸವರುತ್ತ ನಿಂತ. ಸಮುದ್ರದ ಮೇಲೆ ಅವನ ದೋಣಿ ಇನ್ನೂ ಕಾಣುತ್ತಿತ್ತೋ ಏನೋ, ಆ ಕಡೆಗೇ ನೋಡಿದ. ಇನ್ಸಾಫ್ ಬೈಗುಳಕ್ಕೆ ತಯಾರಾಗಿದ್ದಳು. ನ್ಯಾಯವಾಗಿ ಬರಬೇಕಾದ್ದು, ಬರಲಿ.

"ಹದಿನಾಲ್ಕು ತಿಂಗಳು ಇಡೀ ಅನ್‌ಫೂಶಿಗೆ ನಿಮ್ಮ ಕೈ ಹೊಗಳ್ಕೊಂಡು ಬಂದಿದೀನಿ," ಅಂದ ಕೊನೆಗೆ. "ಈಗ ಮನೆಮನೆಗೂ ಹೋಗಿ ಅದನ್ನ ವಾಪಸ್ ತಗೊಂಡು ಬರ್ಲಾ?"

"ತಗೊಂಡು ಬನ್ನಿ."

"ನನಗೆ ಮೊಣಕಾಲು ನೋವು ಡಾಕ್ಟ್ರಮ್ಮ. ಅಷ್ಟೊಂದು ಮೆಟ್ಟಿಲು ಹತ್ತಕ್ಕಾಗಲ್ಲ." ಬಾಚಿಯನ್ನು ಮರಕ್ಕೆ ಕಚ್ಚಿಸಿ, ಬುತ್ತಿಯ ಗಂಟು ಬಿಚ್ಚಿದ. ಕರಿದ ಮೀನಿನ ನಡುಭಾಗ ಮುರಿದು, ಅದರೊಳಗೆ ಮಾತ್ರೆ ಅಡಗಿಸಿ ನೀಡಿದ. "ಆವತ್ತು ಆ ಒಂದು ಗಂಟೆ ನಿಮ್ಮ ಬೆರಳು ನನ್ನ ಬೆರಳಿನ ಪಕ್ಕದಲ್ಲೇ ಇತ್ತು. ನನ್ನದಕ್ಕಿಂತ ಜಾಸ್ತಿ ನಡುಗ್ತಿತ್ತು. ಅದನ್ನೂ ಬೀದಿಗೆಲ್ಲ ಹೇಳಿ ಆಗಿದೆ."

ರಯ್ಯೀಸಾ ಮೀನನ್ನು ಪೂರ್ತಿ ತಿಂದಳು. ಬಾಯಿ ಚಪ್ಪರಿಸಿದಳು. ಮಾತ್ರೆಯನ್ನು ಒದ್ದೆ ಒದ್ದೆಯಾಗಿ, ಬಲು ಅಚ್ಚುಕಟ್ಟಾಗಿ, ಇಬ್ಬರ ಕಾಲುಗಳ ನಡುವೆ ಉಗಿದಳು.

ಇಬ್ಬರೂ ಬಗ್ಗಿ ಮರದ ಹೊಟ್ಟಿನಲ್ಲಿ ಹುಡುಕತೊಡಗಿದರು.